ಮಾಧ್ಯಮ ಸಮರ: ಬಳಸುವ ವಿಧಾನ

ಮಾನ್ಯ ಮುಖಂಡರೇ,

ಮಾಧ್ಯಮದ ಮೇಲೆ ಸಮರ ಸಾರಲು ತಾವು ತೀರ್ಮಾನಿಸಿರುವುದು ಸಂತೋಷದ ಸಂಗತಿ. ಪೊಟ್ಟಣ ಬಿಚ್ಚುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಪುರುಸೊತ್ತಿಲ್ಲದಿದ್ದರೆ ಆಪ್ತ ಸಹಾಯಕರಿಂದ ಓದಿಸಿ. ಅವರೂ ಓದದಿದ್ದರೆ ಚಿಂತೆಯಿಲ್ಲ, ಈ ಸಮರವನ್ನು ಇದುವರೆಗೆ ಯಾರೂ ಓದಿಕೊಂಡು ಮಾಡಿದ್ದಿಲ್ಲ.

ಇದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಿಗಾಗಿ ಸಿದ್ಧಪಡಿಸಿದ ಆವೃತ್ತಿ. ನಾಲ್ಕೂ ಮೈಸೂರು ಜಿಲ್ಲೆಯವೇ. ಆದರೆ ಲೋಕಸಭೆಯ ಲೆಕ್ಕಕ್ಕೆ ಮೊದಲೆರಡು ಮೈಸೂರು-ಕೊಡಗಿಗೆ, ಕೋಟೆ ಚಾಮರಾಜನಗರಕ್ಕೆ, ಕೆ.ಆರ್. ನಗರ ಮಂಡ್ಯಕ್ಕೆ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಹೂರ್ತ

ಸೋತ ಮೇಲೆ ಸಮರ ಸಾರಿದರೆ ಜನ ನಗುತ್ತಾರೆ. ಸೋಲಿನ ವಾಸನೆ ಬಡಿದ ಕೂಡಲೇ ಸಾರಬೇಕು. ಮಾದರಿಗೆ 2019 ನೋಡಿ. ಮಂಡ್ಯದಲ್ಲಿ ಏಪ್ರಿಲ್ 18ಕ್ಕೆ ಮತದಾನ, ಮೇ 23ಕ್ಕೆ ಎಣಿಕೆ. ಮತಯಂತ್ರಗಳು ಇನ್ನೂ ಬೀಗದೊಳಗಿದ್ದಾಗಲೇ ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಮೈಸೂರಿನ ಸಮಾರಂಭವೊಂದರಲ್ಲಿ ಟಿ.ವಿ. ವಾಹಿನಿಗಳ ಮೇಲೆ ಹರಿಹಾಯ್ದರು. ರಾಜಕಾರಣಿಗಳನ್ನು ಗೇಲಿ ಮಾಡುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು ಎಂದು ಕೇಳಿದರು. ಇದಕ್ಕೊಂದು ಕಾನೂನು ತರುವ ಯೋಚನೆಯಿದೆ ಎಂದರು. ಅದೇ ಮೇ ತಿಂಗಳಲ್ಲಿ ಅವರ ಪಕ್ಷವಾದ ಜೆಡಿಎಸ್‌ನ ಕಾನೂನು ಘಟಕದವರ ದೂರಿನ ಮೇಲೆ ‘ವಿಶ್ವವಾಣಿ’ ಸಂಪಾದಕ ವಿಶ್ವೇಶ್ವರ ಭಟ್ ವಿರುದ್ಧ ಪೊಲೀಸರು ಪ್ರಕರಣ ದಾಖಲಿಸಿದರು.

ಸಿಟ್ಟಿಗೆ ಕಾರಣವಿರಲಿಲ್ಲ ಎಂದೇನೂ ಅಲ್ಲ. ‘ಜಾಗ್ವಾರ್’ ಚಿತ್ರದ ಸಮಾರಂಭದಲ್ಲಿ ಕುಮಾರಸ್ವಾಮಿಯವರು ತಮ್ಮ ಮಗ, ಮುಂದೆ ಮಂಡ್ಯದ ಜೆಡಿಎಸ್ ಅಭ್ಯರ್ಥಿಯಾದ ನಿಖಿಲ್ ಅವರನ್ನು ವೇದಿಕೆಗೆ ಕರೆದ ಮಾತು, ‘ನಿಖಿಲ್ ಎಲ್ಲಿದ್ದೀಯಪ್ಪ’, ಚುನಾವಣೆ ಹೊತ್ತಿಗೆ ಎದ್ದು ಬಂದು ಮೊಬೈಲಿನಿಂದ ಟಿ.ವಿ.ಗೆ, ಟಿ.ವಿ.ಯಿಂದ ಮೊಬೈಲಿಗೆ ಓಡಾಡಿತು. ಕೆ.ಆರ್. ನಗರದ ಮತದಾರರು ಆ ಚುನಾವಣೆಯಲ್ಲಿ ವಾರಗಟ್ಟಲೆ ಕೇಳಿಸಿಕೊಂಡದ್ದು ನಿಖಿಲ್ ಎಲ್ಲಿದ್ದಾರೆ ಎಂಬ ಪ್ರಶ್ನೆಯನ್ನು. ಚುಂಚನಕಟ್ಟೆಯ ಶ್ರೀರಾಮ ಸಹಕಾರ ಸಕ್ಕರೆ ಕಾರ್ಖಾನೆ ಎಲ್ಲಿಗೆ ಬಂತು ಎಂಬುದನ್ನು ಯಾವ ಆ್ಯಂಕರೂ ಕಿರುಚಿ ಕೇಳಲಿಲ್ಲ. ಆದರೆ ತಮ್ಮ ಭಾಷಣದಲ್ಲಿ ಆ ಕಾರ್ಖಾನೆಯ ಮಾತು ತರಬೇಡಿ. ಮಾಧ್ಯಮದವರು ಏನನ್ನು ತೋರಿಸಿದರು ಎಂಬುದಷ್ಟೇ ತಮ್ಮ ದೂರು. ಏನನ್ನು ತೋರಿಸಲಿಲ್ಲ ಎಂದು ಕೇಳಹೊರಟರೆ, ತಾವು ಏನು ಮಾಡಲಿಲ್ಲ ಎಂಬಲ್ಲಿಗೆ ಮಾತು ಬರುತ್ತದೆ.

ಫಲಿತಾಂಶ ಗೊತ್ತೇ ಇದೆ: ಮಂಡ್ಯದಲ್ಲಿ ನಿಖಿಲ್ ವಿರುದ್ಧ ಸುಮಲತಾ 1,25,876 ಮತಗಳಿಂದ ಗೆದ್ದರು. ಜುಲೈ 23ಕ್ಕೆ ಸರ್ಕಾರವೇ ಬಿತ್ತು. ಬೀಳಿಸಿದ್ದು ಕ್ಯಾಮೆರಾ ಅಲ್ಲ, ರಾಜೀನಾಮೆ ಬರೆದುಕೊಟ್ಟ ಶಾಸಕರು. ಅವರಲ್ಲೊಬ್ಬರು ಹುಣಸೂರಿನ ಎಚ್. ವಿಶ್ವನಾಥ್, ಕೆಲವೇ ದಿನಗಳ ಹಿಂದಿನವರೆಗೆ ಜೆಡಿಎಸ್‌ನ ರಾಜ್ಯಾಧ್ಯಕ್ಷರು. ತರುತ್ತೇನೆಂದ ಕಾನೂನು ಬರಲಿಲ್ಲ.

ಗುರಿ

ಇಲ್ಲಿ ಹೆಚ್ಚಿನ ಜಾಗ್ರತೆ ಬೇಕು. ‘ಮಾಧ್ಯಮದವರು’ ಎಂದು ಬಹುವಚನದಲ್ಲಿ ಬೈಯಿರಿ. ಮೈಕು ಹಿಡಿದು ಎದುರಿಗೆ ನಿಂತ ಹುಡುಗನನ್ನು ಬೈಯಿರಿ. ಮಾಲೀಕನ ಹೆಸರೆತ್ತಬೇಡಿ. ಎತ್ತಿದರೆ ಕುಂಬಳಕಾಯಿ ಕಳ್ಳ ಅಂದಕೂಡಲೇ ಹೆಗಲು ಮುಟ್ಟಿ ನೋಡಿಕೊಳ್ಳುವವರು ತಮ್ಮ ವೇದಿಕೆಯ ಮೇಲೇ ನಾಲ್ಕಾರು ಜನ ಸಿಗುತ್ತಾರೆ. ಕುಮಾರಸ್ವಾಮಿಯವರ ಮನೆಯಲ್ಲೇ 2007ರಿಂದ ‘ಕಸ್ತೂರಿ’ ವಾಹಿನಿ ಇತ್ತು, ಅನಿತಾ ಕುಮಾರಸ್ವಾಮಿಯವರ ಉಸ್ತುವಾರಿಯಲ್ಲಿ. ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ ಅವರ ಕಂಪನಿಯ ತೆಕ್ಕೆಯಲ್ಲಿ ‘ಸುವರ್ಣ ನ್ಯೂಸ್’, ‘ಕನ್ನಡಪ್ರಭ’. ಧಾರವಾಡ ಉತ್ತರದಿಂದ ಮೂರು ಸಲ ಲೋಕಸಭೆಗೆ ಹೋದ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ ಕಟ್ಟಿ, 2006ರಲ್ಲಿ ಟೈಮ್ಸ್ ಬಳಗಕ್ಕೆ ಮಾರಿ, 2012ರಲ್ಲಿ ‘ವಿಜಯವಾಣಿ’ ತಂದರು, ಆಮೇಲೆ ‘ದಿಗ್ವಿಜಯ’ ವಾಹಿನಿ ತಂದರು. ಹೀಗೆ ಮಾಧ್ಯಮ ಇಟ್ಟುಕೊಂಡು ಇವರಲ್ಲಿ ಯಾರೂ ಕಾನೂನು ಮೀರಿದವರಲ್ಲ. ಮೀರಲು ಕಾನೂನು ಇದ್ದರೆ ತಾನೆ?

ಕಾನೂನು ಇರಬೇಕು ಎಂದು ಹೇಳಿದವರು ಇದ್ದಾರೆ, ದುರದೃಷ್ಟವಶಾತ್. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ರಾಜಕೀಯ ಸಂಸ್ಥೆಗಳು ಟಿ.ವಿ. ವಾಹಿನಿ ನಡೆಸಬಾರದೆಂದು 2008ರಲ್ಲಿ ಶಿಫಾರಸು ಮಾಡಿತು. 2012ರಲ್ಲಿ ಮತ್ತೆ ಹೇಳಿತು. 2014ರ ಆಗಸ್ಟಿನಲ್ಲಿ ವಿವರವಾಗಿ ಹೇಳಿತು: ಒಂದೇ ಕೈಗೆ ಪತ್ರಿಕೆಯೂ ವಾಹಿನಿಯೂ ಅತಿಯಾಗಿ ಸೇರದಂತೆ ಮಿತಿ ಹಾಕಬೇಕು, ಆ ಮಿತಿಯನ್ನು ಭಾಷೆ ಮತ್ತು ಅದನ್ನಾಡುವ ರಾಜ್ಯವನ್ನು ಹಿಡಿದು ಅಳೆಯಬೇಕು. ಕನ್ನಡದ ನೋಡುಗನಿಗೆ ದೇಶದಲ್ಲಿ ನೂರಾರು ವಾಹಿನಿಗಳಿವೆ ಎಂಬುದು ಸಮಾಧಾನವಾಗದು, ಅವನ ಭಾಷೆಯಲ್ಲಿ ಎಷ್ಟು ಮಾಲೀಕರಿದ್ದಾರೆ ಎಂದು ಎಣಿಸಬೇಕು ಎಂಬ ಬುದ್ಧಿವಂತ ಲೆಕ್ಕ ಅದು. 2022ರಲ್ಲಿ ಟ್ರಾಯ್ ಇದೇ ವಿಷಯಕ್ಕೆ ಇನ್ನೊಂದು ಸಮಾಲೋಚನಾ ಪತ್ರ ಹೊರಡಿಸಿತು. ಈ ಶಿಫಾರಸುಗಳು ತಮ್ಮ ಪೊಟ್ಟಣದಲ್ಲಿ ಅಕಸ್ಮಾತ್ ಸೇರಿಕೊಂಡು ಬಂದಿದ್ದರೆ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಇವನ್ನು ಹಿಡಿದು ಬೀದಿಗಿಳಿದವನು ಮಾಧ್ಯಮದ ವಿರುದ್ಧ ನಿಜವಾಗಿ ಹೋರಾಡಬೇಕಾಗಿ ಬರುತ್ತದೆ. ಆ ಬಳಕೆಗೆ ಈ ಉಪಕರಣವನ್ನು ತಯಾರಿಸಿಲ್ಲ.

ಆಯುಧಗಳು

ಬಹಿಷ್ಕಾರ ಅಗ್ಗದ್ದು. ಬಹಿಷ್ಕರಿಸಿದ್ದೇನೆ ಎಂದು ಹೇಳಲು ಪತ್ರಿಕಾಗೋಷ್ಠಿ ಕರೆಯಿರಿ.

ಸದನ ಕೈಲಿದ್ದರೆ ಹಕ್ಕುಚ್ಯುತಿ ಬಳಸಬಹುದು. 2017ರ ಜೂನಿನಲ್ಲಿ ರವಿ ಬೆಳಗೆರೆ ಮತ್ತು ಇನ್ನೊಬ್ಬ ಸಂಪಾದಕರಿಗೆ ವಿಧಾನಸಭೆಯೇ ಒಂದು ವರ್ಷದ ಸೆರೆವಾಸ ವಿಧಿಸಿತು. ಶಾಸಕರೇ ದೂರುದಾರರು, ಶಾಸಕರೇ ನ್ಯಾಯಾಧೀಶರು. 2019ರ ಅಕ್ಟೋಬರಿನಲ್ಲಿ ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ಅಧಿವೇಶನದಿಂದ ಹೊರಗಿಟ್ಟರು. ಆಗ ಆಡಳಿತ ಬಿಜೆಪಿಯದು, ಹಿಂದಿನ ಪ್ರಕರಣದಲ್ಲಿ ಕಾಂಗ್ರೆಸ್ಸಿನದು, ಕಾನೂನಿನ ಮಾತು ಆಡಿದ್ದು ಜೆಡಿಎಸ್. ಯಾವ ಬಾವುಟದ ಕಂಬಕ್ಕಾದರೂ ಕೂರುವ ಉಪಕರಣ ಇದು.

ತಡೆಯಾಜ್ಞೆ ಎಲ್ಲಕ್ಕಿಂತ ಸೊಗಸು. 2021ರ ಮಾರ್ಚಿನಲ್ಲಿ ಅಶ್ಲೀಲ ಸಿ.ಡಿ. ಗಲಾಟೆಯಲ್ಲಿ ಸಚಿವ ರಮೇಶ ಜಾರಕಿಹೊಳಿ ರಾಜೀನಾಮೆ ಕೊಟ್ಟ ಬೆನ್ನಿಗೇ ಆರು ಸಚಿವರು ಅರವತ್ತಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಪ್ರಸಾರವಾಗದ ಸುದ್ದಿಗೆ ಮುಂಚಿತವಾಗಿಯೇ ತಡೆ ಸಿಕ್ಕಿತು. ಆರು ಜನರಲ್ಲೊಬ್ಬರು ಕೆ.ಆರ್. ನಗರದ ಪಕ್ಕದ ಕೆ.ಆರ್. ಪೇಟೆಯವರು, ವಿವರ ಬೇಕಿದ್ದರೆ ಬಸ್ಸಿನಲ್ಲೇ ಹೋಗಿ ವಿಚಾರಿಸಬಹುದು.

ಹಳೆಯ ಮಾದರಿಗಳೂ ಇವೆ. ಪಿರಿಯಾಪಟ್ಟಣ ದಾಟಿ ಕಾವೇರಿ ಸೇತುವೆಯ ಆಚೆಗಿರುವ ಕುಶಾಲನಗರದ ಆರ್. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ ಪತ್ರಕರ್ತರನ್ನು ಅರಬ್ಬೀ ಸಮುದ್ರಕ್ಕೆ ಎಸೆಯಬೇಕು ಎಂದರೆಂಬ ಮಾತು ಇವತ್ತಿಗೂ ಪತ್ರಕರ್ತರ ಹರಟೆಯಲ್ಲಿ ಬದುಕಿದೆ. ಇನ್ನೂ ಹಿಂದಕ್ಕೆ ಹೋದರೆ 1908. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ಮೈಸೂರು ಸಂಸ್ಥಾನ ಪತ್ರಿಕಾ ನಿಯಂತ್ರಣ ಕಾಯ್ದೆ ತಂದಿತು. ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಬೇಕು, ಕೊಟ್ಟ ಅಪ್ಪಣೆಯನ್ನು ಸರ್ಕಾರ ಕಿತ್ತುಕೊಳ್ಳಬಹುದು. ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ಅಪ್ಪಣೆ ಬೇಡುವುದಕ್ಕಿಂತ ನಿಲ್ಲಿಸುವುದೇ ಮೇಲೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಈ ತೊಂದರೆ ತಮಗೆ ಎದುರಾಗದು. ಈಗಿನ ಮಾಲೀಕರಿಗೆ ಪತ್ರಿಕೆಯ ಜೊತೆಗೆ ಗಣಿಯೋ ಲಾರಿಯೋ ಕಾಲೇಜೋ ಇರುತ್ತದೆ, ಅಷ್ಟು ಸುಲಭವಾಗಿ ಯಾರೂ ಬಾಗಿಲು ಹಾಕುವುದಿಲ್ಲ.

ಪ್ರಾತ್ಯಕ್ಷಿಕೆ

2019ರ ಅಕ್ಟೋಬರ್ 17ರ ದೃಶ್ಯಾವಳಿ ನೋಡಿ ಕಲಿಯಿರಿ. ಕೆ.ಆರ್. ನಗರದ ಶಾಸಕ ಸಾ.ರಾ. ಮಹೇಶ್ ಮತ್ತು ಹುಣಸೂರಿನ ಅನರ್ಹ ಶಾಸಕ ವಿಶ್ವನಾಥ್ ಆಣೆ ಪ್ರಮಾಣದ ಸವಾಲು ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತಿದರು. ಕ್ಯಾಮೆರಾಗಳೂ ಹತ್ತಿದವು. ತಾಯಿ ಚಾಮುಂಡಿ ಏನು ತೀರ್ಪು ಕೊಟ್ಟಳೋ ತಿಳಿಯದು, ವಾಹಿನಿಗಳಿಗೆ ಮಾತ್ರ ಹಬ್ಬ. ಅದು ಇದೇ ತಾಲ್ಲೂಕುಗಳಲ್ಲಿ ತಂಬಾಕು ಹರಾಜಿನ ಕಾಲ. ವರ್ಜೀನಿಯಾ ಹೊಗೆಸೊಪ್ಪು ಬೆಳೆದವನು ಬೇಲು ಹೊತ್ತು ತಂದು, ದರ ಎಷ್ಟಕ್ಕೆ ನಿಂತಿತು ಎಂದು ಹರಾಜು ಮಾರುಕಟ್ಟೆಯಲ್ಲಿ ಕಣ್ಣುಬಿಟ್ಟು ನಿಂತಿರುತ್ತಾನೆ. ಕೋಟೆಯ ಕಾಡಂಚಿನಲ್ಲಿ ಆನೆ ತುಳಿದ ಹೊಲದ ಪರಿಹಾರದ ಅರ್ಜಿ ಇರುತ್ತದೆ. ಇವುಗಳಿಗೆ ನೇರಪ್ರಸಾರದ ವಾಹನ ಬರುವುದಿಲ್ಲ. ಇದನ್ನು ಪಕ್ಷಪಾತ ಎಂದು ತಾವು ಕರೆಯಬೇಕಿಲ್ಲ. ಬೆಟ್ಟಕ್ಕೆ ಬಂದ ವಾಹನವನ್ನು ಕರೆಸಿದ್ದು ತಾವೇ.

ನಿರ್ವಹಣೆ

ಸಮರ ಎಷ್ಟೇ ಜೋರಾಗಿರಲಿ, ಹುಟ್ಟುಹಬ್ಬದ ಪುರವಣಿ ನಿಲ್ಲಬಾರದು. ತಾಲ್ಲೂಕು ವರದಿಗಾರನಿಗೆ ಸಂಬಳ ಹೆಸರಿಗೆ ಮಾತ್ರ. ಜಾಹೀರಾತು ತಂದರೆ ಕಮಿಷನ್, ಅದರಲ್ಲೇ ಸ್ಕೂಟರಿನ ಪೆಟ್ರೋಲು. ವರ್ಷವಿಡೀ ತಮ್ಮ ವಿರುದ್ಧ ಬರೆದನೆಂದು ತಾವು ಬೈದ ಹುಡುಗನೇ ತಮ್ಮ ಹುಟ್ಟುಹಬ್ಬಕ್ಕೆ ಎರಡು ವಾರ ಮೊದಲು ಬಿಲ್ ಪುಸ್ತಕ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಪೂರ್ಣ ಪುಟ ಕೊಡಿ, ಬಣ್ಣದ್ದೇ ಕೊಡಿ. ಶುಭ ಕೋರುವವರ ಫೋಟೊಗಳನ್ನು ಹಿರಿತನ ನೋಡಿ ಜೋಡಿಸಿ, ಇಲ್ಲವಾದರೆ ಹೊಸ ಸಮರವೊಂದು ಪಕ್ಷದೊಳಗೇ ಶುರುವಾಗುತ್ತದೆ. ಮಂತ್ರಿಯಾಗಿದ್ದರೆ ಇಲಾಖೆಯ ಸಾಧನೆ ಎಂದು ವಾರ್ತಾ ಇಲಾಖೆಯ ಮೂಲಕ ಕೊಡಿಸಬಹುದು, ಕೈಯಿಂದ ಕಾಸು ಬಿಚ್ಚಬೇಕಿಲ್ಲ.

ಖಾತರಿ: ವಿರೋಧ ಪಕ್ಷದಲ್ಲಿದ್ದಷ್ಟು ದಿನ. ಅಧಿಕಾರಕ್ಕೆ ಬಂದ ದಿನದಿಂದ ಈ ಉಪಕರಣ ತಾನಾಗಿ ಎದುರು ಪಕ್ಷದವರ ಕೈಗೆ ವರ್ಗವಾಗುತ್ತದೆ, ಬೇರೆ ಅರ್ಜಿ ಬೇಕಿಲ್ಲ. ಗ್ರಾಹಕ ಸ್ವತಃ ವಾಹಿನಿ ಖರೀದಿಸಿದಲ್ಲಿ ಖಾತರಿ ರದ್ದಾಗುತ್ತದೆ. ಅಂಥವರಿಗೆ ‘ಪತ್ರಿಕಾ ಸ್ವಾತಂತ್ರ್ಯ: ಬಳಸುವ ವಿಧಾನ’ ಎಂಬ ಇನ್ನೊಂದು ಕೈಪಿಡಿಯನ್ನು ಇದೇ ಬೆಲೆಗೆ ಕಳುಹಿಸಿಕೊಡಲಾಗುವುದು. ಕಳೆದ ವರ್ಷದ ಪುರವಣಿಯ ಬಾಕಿ ಇದ್ದರೆ ಮೊದಲು ತೀರಿಸಿ.