ಬೆಳೆ ನಿಂತ ಹೊಲದ ದಾರಿ

“ದಾರಿಯಂತೆ ದಾರಿ! ನಮ್ಮಪ್ಪ ಯಾವತ್ತಾದ್ರೂ ದಾರಿ ಅಂತ ಬಿಟ್ಟಿದ್ದು ನೋಡಿದೀಯೇನಪ್ಪ? ಹೊಲ ಖಾಲಿ ಬಿದ್ದಿರ್ತಿತ್ತು, ಜನ ಓಡಾಡ್ತಿದ್ರು. ಅಷ್ಟೇ ಕಣಪ್ಪ.”

ಬೇಲಿಯಾಚೆ ನಿಂತು ಪಕ್ಕದ ಹೊಲದ ಅಣ್ಣ ಆಡಿದ ಮಾತಿದು. ಕೋಪದಲ್ಲಿ ಬಂದ ಮಾತೇ ಇರಬಹುದು. ಆದರೆ ಆಂಧ್ರದ ಗಡಿಯಲ್ಲಿರುವ ನಮ್ಮ ಮಡಕಶಿರಾ ಸೀಮೆಯಲ್ಲಿ ಹೊಲದ ದಾರಿಗಾಗಿ ನಡೆಯುವ ಜಗಳಗಳ ಬೇರು ಅದರಲ್ಲೇ ಇದೆ ಅನ್ನಿಸಿತು. ಅಂದಿನಿಂದ ಬೇಲಿ ಹತ್ತಿರ ಹೋದಾಗಲೆಲ್ಲ ಇದೇ ಮಾತು ನಡೆದಿದೆ.

ಹಳಬರಿಗೆ ನೆನಪಿರುತ್ತದೆ. ಅನಂತಪುರದ ಕಡೆ ವರ್ಷಕ್ಕೆ ಬೀಳುವುದು 550 ಮಿಲಿಮೀಟರ್ ಆಸುಪಾಸಿನ ಮಳೆ. ಮುಂಗಾರಿಗೆ ಕಡ್ಲೆಕಾಯಿ ಬಿತ್ತುವುದು, ದೀಪಾವಳಿ ಆಚೀಚೆ ಕೀಳುವುದು. ಆಮೇಲೆ ಮುಂದಿನ ಮಳೆಯವರೆಗೆ ಹೊಲವೆಲ್ಲ ಬಯಲು. ಕಾಯಿ ಕಿತ್ತ ಮಾರನೆಯ ದಿನದಿಂದಲೇ ಹೆಂಗಸರು ಮಕ್ಕಳು ಹಕ್ಕಲು ಆಯಲು ಬರುತ್ತಿದ್ದರು, ಅವರ ಹಿಂದೆ ಕುರಿಗಳು. ಕುರಿಯವರನ್ನು ಹೊಲದವರೇ ಕರೆದು, ಕಾಳೋ ಕಾಸೋ ಕೊಟ್ಟು, ರಾತ್ರಿ ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಅದು ಗೊಬ್ಬರದ ಲೆಕ್ಕ. ಎತ್ತಿನ ಬಂಡಿಗಳು ಮನಸ್ಸಿಗೆ ಬಂದ ಕಡೆ ಅಡ್ಡ ಹಾಯುತ್ತಿದ್ದವು. ಇದರಲ್ಲಿ ಯಾರಿಗೂ ನಷ್ಟವಿರಲಿಲ್ಲ. ಬೆಳೆ ಮೇಲೆ ಬಂತೋ, ಅದೇ ಜನ ಬದು ಹಿಡಿದು ಸುತ್ತಿಕೊಂಡು ಹೋಗುತ್ತಿದ್ದರು. ಬೆಳೆಯ ನಡುವೆ ಕಾಲಿಟ್ಟವನನ್ನು ಊರೇ ಬೈಯುತ್ತಿತ್ತು. ಹೊಲ ಎಲ್ಲರಿಗೂ ತೆರೆದಿತ್ತು ಅಂತ ಈಗ ಹೇಳುತ್ತಾರಲ್ಲ, ಅದು ಅರ್ಧ ಸತ್ಯ. ತೆರೆದಿದ್ದದ್ದು ಖಾಲಿ ಹೊಲ ಮಾತ್ರ.

ಈಗ ಖಾಲಿ ಹೊಲ ಎಲ್ಲಿದೆ? ಅಮರಾಪುರ, ಅಗಳಿ ಕಡೆ ಹೋಗಿ ನೋಡಿ, ಅಡಿಕೆ ತೋಟಗಳು ಹಬ್ಬಿವೆ. ಮಡಕಶಿರಾ ಸುತ್ತ ಹಿಪ್ಪುನೇರಳೆ. ಬೋರು ಕೊರೆಸಿದವನು ಒಂದು ದಿನವೂ ನೆಲವನ್ನು ಸುಮ್ಮನೆ ಬಿಡಲಾರ. ಬಿಟ್ಟರೆ ಸಾಲ ತೀರುವುದಿಲ್ಲ. 2003ರಲ್ಲಿ ಆಂಧ್ರ ಸರ್ಕಾರ ಸೂಕ್ಷ್ಮ ನೀರಾವರಿ ಯೋಜನೆ ತಂದು ಸಬ್ಸಿಡಿ ಕೊಡತೊಡಗಿದ ಮೇಲೆ ಡ್ರಿಪ್ ಪೈಪು ಹಳ್ಳಿಹಳ್ಳಿಗೂ ಬಂತು. ಆ ಕಪ್ಪು ಪೈಪು ನೆಲದ ಮೇಲೆ ಹಾಸಿರುತ್ತದೆ. ಟ್ರ್ಯಾಕ್ಟರಿನ ಒಂದು ಗಾಲಿ ಹತ್ತಿದರೆ ಸಾಲಿಗೆ ಸಾಲೇ ನೀರು ಕಾಣುವುದಿಲ್ಲ. ಕುರಿಗಳು ಬಾಯಾರಿದರೆ ಪೈಪನ್ನೇ ಕಡಿಯುತ್ತವೆ. ಬೆಳಿಗ್ಗೆ ಮೋಟರು ಹಾಕಿದಾಗ ಹೊಲದ ನಡುವೆ ಚಿಲುಮೆ ಎದ್ದಿರುತ್ತದೆ, ಆ ಸಾಲಿನ ಕೊನೆಯ ಗಿಡಗಳು ಬಾಡಿರುತ್ತವೆ. ಅಣ್ಣನ ಸಿಟ್ಟು ಜನದ ಮೇಲಿನ ಸಿಟ್ಟಲ್ಲ, ಈ ನಷ್ಟದ ಸಿಟ್ಟು. ಅದನ್ನು ಜಿಪುಣತನ ಎನ್ನುವವರು ಒಂದು ಸಲ ಆ ಪೈಪು ಜೋಡಿಸಲು ಬಿಸಿಲಲ್ಲಿ ಕೂತು ನೋಡಬೇಕು.

ಹಾಯುವವರೂ ಮೊದಲಿನವರಲ್ಲ. ಎರಡೆತ್ತಿನ ಬಂಡಿ ಹೋದ ಜಾಗದಲ್ಲಿ ಈಗ ಟ್ರೈಲರು ಕಟ್ಟಿದ ಟ್ರ್ಯಾಕ್ಟರು, ಜೆಸಿಬಿ, ಬೋರು ಕೊರೆಯುವ ಲಾರಿ, ಬೇಸಿಗೆಯಲ್ಲಿ ತೋಟ ಉಳಿಸಲು ನೀರಿನ ಟ್ಯಾಂಕರು. ಒಂದು ಬೋರ್‌ವೆಲ್ ಲಾರಿ ಹಸಿ ನೆಲದಲ್ಲಿ ಹಾದರೆ ಗಟ್ಟಿಯಾದ ಆ ನೆಲ ಮತ್ತೆ ಹದಕ್ಕೆ ಬರಲು ಎರಡು ಮಳೆಗಾಲ ಬೇಕು.

ಗಡಿಯ ಹೊಲಗಳಿಗೆ ಇನ್ನೊಂದು ಕಾಟ. ಮಡಕಶಿರಾ ಮೂರು ಕಡೆಯಿಂದ ಕರ್ನಾಟಕಕ್ಕೆ ತಾಗಿರುವ ಸೀಮೆ. ಆಂಧ್ರದಲ್ಲಿ 2019ರ ಮೇಲೆ ಮದ್ಯದ ಬೆಲೆ ಏರಿದ ವರ್ಷಗಳಲ್ಲಿ ಕರ್ನಾಟಕದ ಪ್ಯಾಕೆಟುಗಳು ಚೆಕ್‌ಪೋಸ್ಟ್ ತಪ್ಪಿಸಿ ಬಂದದ್ದು ನಮ್ಮ ಹೊಲಗಳ ಮೇಲೆಯೇ. ರಾತ್ರಿ ಹೊತ್ತು ಬೈಕಿನ ಬೆಳಕು ಹೊಲದಲ್ಲಿ ಕಂಡರೆ ಹೆಂಗಸರು ನೀರು ಕಟ್ಟಲು ಹೋಗಲು ಹೆದರುತ್ತಿದ್ದರು. ಕುಡಿದು ಬಿಸಾಕಿದ ಬಾಟಲಿ ಬದುವಿನ ಮೇಲೆ ಒಡೆದಿರುತ್ತದೆ, ಕಳೆ ಕೀಳುವ ಕೈಗೆ ಗಾಜು ಸಿಗುತ್ತದೆ. ದಾರಿ ಕೇಳಲು ಬಂದ ರೈತನನ್ನೂ ಈ ಬಾಟಲಿಯವರನ್ನೂ ಒಂದೇ ಬೇಲಿ ತಡೆಯುತ್ತದೆ. ಅದೇ ಕಷ್ಟ.

ರಾಯದುರ್ಗದ ಕಡೆಯ ನಮ್ಮ ಬೀಗರು ಬಂದಾಗ ಇದನ್ನೇ ಹೇಳಿಕೊಂಡೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರುಗಳ ಜೊತೆ ಆಂಧ್ರಕ್ಕೆ ಸೇರಿದ ತಾಲ್ಲೂಕು ಅದು. ಮಾತು ಇನ್ನೂ ಬಳ್ಳಾರಿಯದೇ. “ನಿಮ್ದು ಏನೂ ಅಲ್ಲ ಬಿಡ್ರಿ, ನಮ್ಮ ಹಗರಿ ದಂಡಿ ಹೊಲ ನೋಡ್ರಿ. ಮರಳು ತುಂಬ್ಕೊಂಡು ರಾತ್ರಿ ಎಲ್ಲಾ ಟ್ರ್ಯಾಕ್ಟರ್ ಬರ್ತಾವು. ಕೇಳಿದ್ರ, ಹೊಳಿ ನಿಮ್ಮಪ್ಪಂದೇನು ಅಂತಾರ. ಹೊಳಿ ನಮ್ದಲ್ರಿ, ಹೊಲ ನಮ್ದಲ್ಲೇನ್ರಿ?” ಅಂದರು. ನಿಜವೇ. 2024ರ ಜುಲೈಯಲ್ಲಿ ಆಂಧ್ರ ಸರ್ಕಾರ ಮರಳು ಉಚಿತ ಎಂದಿತು. ಆ ಮರಳಿನ ಹತ್ತಿರ ಹೋಗುವ ಹಾದಿ ಯಾರ ಪಟ್ಟಾ ಹೊಲದ ಮೇಲಿದೆ, ಅವರಿಗೇನು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಿತ್ತು.

ಬೀಗರ ಕಡೆ, ಕಣೇಕಲ್ಲು ಬೊಮ್ಮನಹಾಳು ಬಯಲಲ್ಲಿ, ತುಂಗಭದ್ರಾ ಮೇಲ್ದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುತ್ತಾರೆ. ಅಲ್ಲಿ ಜಗಳ ಕಟಾವು ಯಂತ್ರದ್ದು. ಹಿಂದಿನ ಗದ್ದೆಯ ಭತ್ತ ಮೊದಲು ಹಣ್ಣಾಗಿರುತ್ತದೆ, ಮುಂದಿನದು ಇನ್ನೂ ಹಸಿರು. ಯಂತ್ರ ಹೋಗುವುದಾದರೂ ಹೇಗೆ? ಕೆಲವು ಕಡೆ ಒಂದೇ ಸಾಲಿನ ಗದ್ದೆಯವರು ಕೂತು ಮಾತಾಡಿ, ಒಂದೇ ತಳಿಯನ್ನು ಒಂದೇ ವಾರದಲ್ಲಿ ನಾಟಿ ಮಾಡಿ, ರಸ್ತೆ ಬದಿಯಿಂದ ಕಟಾವು ಶುರು ಮಾಡಿಕೊಳ್ಳುತ್ತಾರಂತೆ. ಯಾವ ತಹಸೀಲ್ದಾರರೂ ಬರೆದುಕೊಡಲಾಗದ ಆದೇಶ ಇದು. ನನಗೆ ತುಂಬ ಹಿಡಿಸಿತು.

ಆದರೆ ಅಣ್ಣನಿಗೆ ಒಂದು ಮಾತು ಹೇಳಲೇಬೇಕಿತ್ತು, ಹೇಳಿದೆ. ಹಿಂದಿನ ಹೊಲದವನು ಎಲ್ಲಿಂದ ಹೋಗಬೇಕು? ತಾತನ ಕಾಲದ ಹತ್ತು ಎಕರೆ ನಾಲ್ಕು ಭಾಗವಾಗಿ, ಮತ್ತೆ ಮಕ್ಕಳಿಗೆ ಹಂಚಿ, ರಸ್ತೆ ಮುಖದ ತುಂಡು ಒಬ್ಬನಿಗೆ, ಒಳಗಿನದು ಇನ್ನೊಬ್ಬನಿಗೆ. ಭಾಗದ ಪತ್ರದಲ್ಲಿ ಬಾವಿ ಬರೆಯುತ್ತಾರೆ, ಮರ ಬರೆಯುತ್ತಾರೆ, ದಾರಿ ಬರೆಯುವುದಿಲ್ಲ. ಅಣ್ಣತಮ್ಮಂದಿರಲ್ಲವೇ, ಹೇಗೋ ಹೋಗುತ್ತಾರೆ ಎಂಬ ಭಾವನೆ. ಒಬ್ಬ ತನ್ನ ಪಾಲು ಹೊರಗಿನವರಿಗೆ ಮಾರಿದ ದಿನ ಆ ಭಾವನೆಗೆ ಬೆಲೆ ಇರುವುದಿಲ್ಲ.

ಹೊಲವೇ ಇಲ್ಲದವರ ಮಾತೂ ಇದೆ. ಕೂಲಿಗೆ ಹೋಗುವ ಹೆಂಗಸು ಬದು ಬಿಟ್ಟು ಎಲ್ಲಿ ನಡೆಯಬೇಕು? ಸ್ಮಶಾನಕ್ಕೆ ಹೋಗುವ ಹಾದಿ ಪಟ್ಟಾ ಹೊಲದಲ್ಲೇ ಇರುವ ಊರುಗಳಿವೆ, ಅದರಲ್ಲೂ ದಲಿತರ ಕೇರಿಯ ಸ್ಮಶಾನ. ಹೆಣ ಹೊತ್ತವರನ್ನು ಬೇಲಿ ತೋರಿಸಿ ನಿಲ್ಲಿಸುವುದು ಯಾವ ನಷ್ಟದ ಲೆಕ್ಕಕ್ಕೂ ಸಲ್ಲದು. ಅಣ್ಣನೂ ಇದಕ್ಕೆ ಎದುರಾಡಲಿಲ್ಲ. “ಅದನ್ಯಾರು ತಡೀತಾರೆ ಬಿಡಪ್ಪ” ಅಂದ. ತಡೆಯುವವರು ಇದ್ದಾರೆ ಅಂದೆ.

ಅವನ ಒಳಗಿನ ಭಯ ಬೇರೆಯದು. “ಇವತ್ತು ಪಾಪ ಅಂತ ಬಿಟ್ರೆ ಇಪ್ಪತ್ತು ವರ್ಷ ಆದ್ಮೇಲೆ ಹಕ್ಕು ಐತೆ ಅಂತ ಕೋರ್ಟಿಗೆ ಹೋಗ್ತಾರೆ. ಅದಕ್ಕೇ ಈಗ್ಲೇ ಕಂದಕ ಹೊಡಿಸ್ತೀನಿ.” ಊರೂರಿನಲ್ಲಿ ಜೆಸಿಬಿ ತರಿಸಿ ಕಂದಕ ತೋಡಿಸುವವರೆಲ್ಲ ಇದನ್ನೇ ಹೇಳುತ್ತಾರೆ. ಇಪ್ಪತ್ತು ವರ್ಷದ ಮಾತು ಸುಳ್ಳಲ್ಲ. 1882ರ ಈಸ್‌ಮೆಂಟ್ ಕಾಯ್ದೆ ಮೊದಲು ಜಾರಿಗೆ ಬಂದ ಪ್ರಾಂತಗಳಲ್ಲಿ ಆಗ ನಾವಿದ್ದ ಮದ್ರಾಸೂ ಒಂದು. ಆ ಕಾಯ್ದೆಯ 15ನೇ ಕಲಮಿನಲ್ಲಿ 20 ವರ್ಷ ಎಂದೇ ಇದೆ. ಆದರೆ ಪೂರ್ತಿ ಓದಬೇಕು. ಆ 20 ವರ್ಷ ಹೊಲ ಹಾಯುವವನು ಬಹಿರಂಗವಾಗಿ, ತಡೆಯಿಲ್ಲದೆ, ತನ್ನ ಹಕ್ಕೆಂದೇ ನಡೆದಿರಬೇಕು. ನಿನ್ನನ್ನು ಕೇಳಿ, ನೀನು ಹೂಂ ಅಂದದ್ದರಿಂದ ನಡೆದವನಿಗೆ ಆ ಹಕ್ಕು ಹುಟ್ಟುವುದಿಲ್ಲ. ಅಂದರೆ ದಾರಿ ಬಿಟ್ಟದ್ದು ಅನುಮತಿಯಿಂದ ಎಂದು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಕಂದಕದ ಅಗತ್ಯವೇ ಇಲ್ಲ. ಭಯಕ್ಕೆ ಮದ್ದು ಜೆಸಿಬಿ ಅಲ್ಲ, ಕಾಗದ.

ಭಾಗವಾದ ಹೊಲಗಳಿಗೆ ಅದೇ ಕಾಯ್ದೆಯ 13, 14ನೇ ಕಲಮುಗಳಿವೆ. ಬೇರೆ ದಾರಿಯೇ ಇಲ್ಲದೆ ಒಳಗೆ ಸಿಕ್ಕಿಬಿದ್ದ ಪಾಲಿಗೆ ಅಗತ್ಯದ ದಾರಿ ಉಂಟು. ಆದರೆ ಅದು ಹೊಲದ ಯಾವ ಕಡೆ ಇರಬೇಕೆಂದು ಗೆರೆ ಹಾಕುವ ಹಕ್ಕು ಮೊದಲು ಹೊಲದ ಒಡೆಯನದು. ಹೋಗುವವನಿಗೆ ಸರಿಯಾಗಿ ಅನುಕೂಲವಾಗುವಂತಿರಬೇಕು, ಅಷ್ಟೇ. ಒಡೆಯ ಹಟ ಹಿಡಿದು ತೋರಿಸದಿದ್ದರೆ ಮಾತ್ರ ಆ ಗೆರೆಯನ್ನು ಹೋಗುವವನೇ ಹಾಕಿಕೊಳ್ಳಬಹುದು. ಇದನ್ನು ಕೇಳಿ ಅಣ್ಣ ಬೇಲಿಯ ಕಲ್ಲುಕಂಬಕ್ಕೆ ಒರಗಿದವನು ನೆಟ್ಟಗೆ ನಿಂತ. ಸುಮ್ಮನಿದ್ದು ಕಳೆದುಕೊಳ್ಳುವುದು ತಾನೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಗೆರೆ ಹಾಕುವುದಕ್ಕೂ ಮೊದಲು ಮಾಡುವ ಕೆಲಸ ಒಂದಿದೆ. ಗ್ರಾಮ ನಕ್ಷೆ ತೆಗೆಸಿ ನೋಡುವುದು. ಹಳೆಯ ಬಂಡಿದಾರಿ ಅದರಲ್ಲಿ ದಾರಿ ಪೋರಂಬೋಕು ಎಂದು ಇದ್ದರೆ ಅದು ನಮ್ಮದಲ್ಲವೇ ಅಲ್ಲ, ನಮ್ಮ ತಂದೆಯವರು ಉತ್ತುಕೊಂಡು ಬಂದಿದ್ದರೂ ಸರಿ. ನಕ್ಷೆಯಲ್ಲಿ ಇಲ್ಲದ್ದು ವಾಡಿಕೆ ದಾರಿ. 2020ರ ಡಿಸೆಂಬರಿನಲ್ಲಿ ಆಂಧ್ರದಲ್ಲಿ ಶುರುವಾದ ಮರುಸರ್ವೆಯಲ್ಲಿ ಕಲ್ಲು ನೆಟ್ಟು ಹೊಸ ನಂಬರು ಕೊಟ್ಟರು. ವಾಡಿಕೆಗೆ ಕಲ್ಲು ನೆಡಲು ಆಗುತ್ತದೆಯೇ? ಮೇಲಾಗಿ ಕಾಗದವೆಲ್ಲ ತೆಲುಗಿನಲ್ಲಿ. ಅಗಳಿ, ರೊಳ್ಳದ ಕನ್ನಡ ಶಾಲೆಯಲ್ಲಿ ಓದಿದ ರೈತ ತನ್ನ ಹೊಲದ ಕಾಗದ ಓದಿಸಲು ಇನ್ನೊಬ್ಬರ ಮುಂದೆ ನಿಲ್ಲುತ್ತಾನೆ. ಇದು ಸಣ್ಣ ಸಂಕಟವಲ್ಲ.

ಗಡಿಯಾಚೆ, ಕರ್ನಾಟಕದಲ್ಲಿ, 2023ರ ಅಕ್ಟೋಬರಿನಲ್ಲಿ ಕಂದಾಯ ಇಲಾಖೆ ಸುತ್ತೋಲೆ ಹೊರಡಿಸಿ, ಕಾಲುದಾರಿ ಬಂಡಿದಾರಿ ಮುಚ್ಚಿದ್ದರೆ ತೆರವು ಮಾಡಿಸಿ ಎಂದು ತಹಸೀಲ್ದಾರರಿಗೆ ಹೇಳಿತು. ಮಧುಗಿರಿಯ ನೆಂಟರು ಅದನ್ನು ತೋರಿಸಿ “ನಿಮಗೂ ಬರುತ್ತೆ” ಅಂದರು. ಗಡಿಯ ಈಚೆ ಅದು ನಡೆಯದು. ದಾರಿಯ ಒಂದು ತುದಿ ಆ ರಾಜ್ಯದಲ್ಲಿ, ಇನ್ನೊಂದು ಈ ರಾಜ್ಯದಲ್ಲಿ ಇದ್ದರೆ ಎರಡು ಕಚೇರಿ, ಎರಡು ಭಾಷೆ. ಅಂಥ ಹೊಲದವರು ಕಚೇರಿ ನಂಬಿ ಕೂತರೆ ಬಿತ್ತನೆ ಹದ ತಪ್ಪುತ್ತದೆ.

ಗಡಿಯಾಚೆಯ ಮಾತು ಹಾಗಾಯಿತು. ಕಡಲಾಚೆಯ ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆ ಪ್ರಕಾರ ಯಾರ ಜಮೀನಿನ ಮೇಲಾದರೂ ಜನ ನಡೆದು ಹೋಗಬಹುದು ಎಂದು ಓದಿದಾಗ ಮೊದಲು ಆಶ್ಚರ್ಯವಾಯಿತು. ಮುಂದೆ ಓದಿದರೆ, ಬಿತ್ತಿದ ಹೊಲ, ಬೆಳೆ ನಿಂತ ಹೊಲ ಬಿಟ್ಟು, ಅಂಚಿನಲ್ಲಿ ನಡೆಯಬಹುದು. ನಮ್ಮ ಹಳಬರ ಕಟ್ಟಳೆಯೂ ಇದೇ ಅಲ್ಲವೇ? ಬೆಳೆ ಇದ್ದಾಗ ಬದು, ಇಲ್ಲದಾಗ ಬಯಲು. ಬೆಳೆ ಹನ್ನೆರಡು ತಿಂಗಳೂ ನಿಂತಿರುವ ಈ ಕಾಲಕ್ಕೆ ನಮಗೆ ಉಳಿದದ್ದು ಬದು ಒಂದೇ. ಆ ಬದು ಟ್ರ್ಯಾಕ್ಟರು ಹಿಡಿಯುವಷ್ಟು ಅಗಲವಾಗಬೇಕು. ಅದಕ್ಕೆ ಎರಡೂ ಕಡೆಯವರು ನೆಲ ಬಿಡಬೇಕು, ಮುಂದಿನವನೊಬ್ಬನೇ ಅಲ್ಲ. ದಾರಿಯಿಂದ ಉಪಯೋಗ ಪಡೆಯುವ ಹಿಂದಿನ ಹೊಲದವರು ಬಿಟ್ಟ ನೆಲಕ್ಕೆ ದುಡ್ಡನ್ನೋ, ತಮ್ಮ ಕಡೆಯ ಅಷ್ಟೇ ನೆಲವನ್ನೋ ಕೊಡಬೇಕು. ಎರಡು ಎಕರೆಯವನಿಗೆ ಮೂರು ಗುಂಟೆ ಅಂದರೆ ಸಣ್ಣದಲ್ಲ. ಧರ್ಮಕ್ಕೆ ಬಿಡು ಅನ್ನುವುದು ಸುಲಭ. ಪೈಪು ಅಡ್ಡ ಬಂದ ಕಡೆ ಒಂದು ಸಿಮೆಂಟು ಕೊಳವೆ ಹೂತು ಅದರೊಳಗೆ ಸಾಗಿಸಬೇಕು. ಮಣ್ಣು ಹಾಕಿ ಗಟ್ಟಿ ಮಾಡುವುದಕ್ಕೆ ಉದ್ಯೋಗ ಖಾತರಿ ಇತ್ತಲ್ಲ, 2006ರ ಫೆಬ್ರವರಿ 2ರಂದು ಇದೇ ಅನಂತಪುರದ ಬಂಡ್ಲಪಲ್ಲಿಯಲ್ಲಿ ಶುರುವಾದದ್ದು. ಆ ಕೂಲಿಯಲ್ಲಿ ಎಷ್ಟೋ ಊರಿನ ಹೊಲದ ದಾರಿಗಳಿಗೆ ಮಣ್ಣು ಬಿದ್ದಿದೆ.

ದಾರಿ ತಡೆಯುವ ಹಟ ಎಷ್ಟೇ ಇರಲಿ, ಬೇಲಿಗೆ ಬೋರಿನ ಕರೆಂಟು ಕೊಡುವ ಮಾತನ್ನು ಮಾತ್ರ ಯಾರೂ ಎತ್ತಬಾರದು. ಹಂದಿಗೆ ಎಂದು ಕೊಟ್ಟ ಕರೆಂಟಿಗೆ ಹೊಲದವನೇ ಸತ್ತದ್ದನ್ನು ನಮ್ಮ ಕಡೆಯ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಸದ್ಯಕ್ಕೆ ಅಣ್ಣ ಕಂದಕದ ಮಾತು ಬಿಟ್ಟಿದ್ದಾನೆ. ಹುಣಸೆ ಮರದ ಕಡೆಯ ಬದುವಿನಲ್ಲಿ ಎಂಟು ಅಡಿ ಕೊಡಲು ಸಿದ್ಧ. ಹಿಂದಿನ ಹೊಲದವರು ಹತ್ತು ಕೇಳುತ್ತಿದ್ದಾರೆ, ಎರಡು ಅಡಿಗೆ ಬದಲು ನೆಲ ಕೊಡುತ್ತೇವೆ ಎಂದೂ ಹೇಳಿದ್ದಾರೆ. ಮೂಲೆಯಲ್ಲಿ ಟ್ರೈಲರು ತಿರುಗಲು ಎಷ್ಟು ಜಾಗ ಬೇಕೆಂದು ನಾಳಿದ್ದು ಇಬ್ಬರೂ ಟೇಪು ಹಿಡಿದು ಅಳೆಯುತ್ತಾರೆ. ಕಾಗದ ಬರೆಯುವುದು ನನ್ನ ಪಾಲಿಗೆ ಬಂದಿದೆ, ಕನ್ನಡದಲ್ಲಿ ಒಂದು, ತೆಲುಗಿನಲ್ಲಿ ಒಂದು.