ಚಿ॥ ಹೆಡರ್ ಫೈಲಿಗೊಂದು ಬಹಿರಂಗ ಪತ್ರ

ಆರ್.ಟಿ. ನಗರ,
ಬೆಂಗಳೂರು

ಚಿ॥ ಹೆಡರ್ ಫೈಲಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು. ಉಭಯಕುಶಲೋಪರಿ ಸಾಂಪ್ರತ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕ್ಷೇಮದ ಬಗ್ಗೆ ಮಾತ್ರ ವಿಂಡೋಸ್, ಲಿನಕ್ಸ್, ಮ್ಯಾಕ್ ಎಂಬ ಮೂರು ಮನೆಗಳಿಂದ ಮೂರು ಥರದ ಸುದ್ದಿ ಬಂದಿದೆ. ಅದಕ್ಕೇ ಈ ಕಾಗದ.

ಮನೆಯ ಮಾತನ್ನು ಊರಿಗೆಲ್ಲ ಓದಿಸುತ್ತಾನಲ್ಲ ಅಂತ ಮುನಿಸಿಕೊಳ್ಳಬೇಡ. ನಿನ್ನಲ್ಲಿ ಗುಟ್ಟು ಅನ್ನುವುದು ಏನಿದೆ? ಸಿ++ ಭಾಷೆಯ ಮರ್ಯಾದಸ್ಥ ಲೈಬ್ರರಿಗಳು ಬಾಗಿಲಿಗೆ ಒಂದು ಹೆಡರ್ ತೂಗುಹಾಕಿ, ಅಡುಗೆಯನ್ನು ಒಳಗೆ ಮುಗಿಸಿ, ಕಂಪೈಲ್ ಆದ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತವೆ. ನೀನೋ ಹೆಡರ್-ಓನ್ಲಿ. ಒಲೆ, ಪಾತ್ರೆ, ಒಗ್ಗರಣೆ ಎಲ್ಲ ಹೊಸ್ತಿಲ ಮೇಲೇ. ನಿನಗೆ ಬರೆಯುವ ಪತ್ರವೂ ಬಹಿರಂಗವಾಗಿರುವುದೇ ಸರಿ.

ಹುಟ್ಟಿಸಿದವನು ನಾನೇ, ಕಾರಣವೂ ಇತ್ತು. 'ಸ್ತ್ರೀ' ಎಂದರೆ ಒಂದು ಅಕ್ಷರ ಅಂತ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಕಂಪ್ಯೂಟರಿಗೆ ಅದು ಆರು ಸಂಕೇತ, ಯುಟಿಎಫ್-8ರಲ್ಲಿ 18 ಬೈಟು. ಯೂನಿಕೋಡಿನ ಸಾಮಾನ್ಯ ನಿಯಮದಂತೆ ಕತ್ತರಿಸಿದರೆ ಸ್, ತ್, ರೀ ಎಂದು ಮೂರು ತುಂಡು. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರಗಳನ್ನು ಒಡೆಯಬೇಡಿ ಎಂಬ ಹೊಸ ನಿಯಮ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಪಟ್ಟಿಯಲ್ಲಿದ್ದವು. ಪಕ್ಕದ ಮನೆ ತೆಲುಗಿಗೆ ಎಲೆ ಹಾಕಿ ಕನ್ನಡವನ್ನು ಜಗಲಿಯಲ್ಲೇ ಕೂರಿಸಿದ್ದರು. ಆ ರೋಷದಲ್ಲಿ ನೀನು ಹುಟ್ಟಿದೆ: ಕನ್ನಡ ಪದವನ್ನು ಅಕ್ಷರಗಳಾಗಿ ಬಿಡಿಸುವ 400 ಸಾಲಿನ ಒಂದೇ ಫೈಲು.

ಆ ಸಂತೋಷದಲ್ಲಿ ರೀಡ್‌ಮಿಯಲ್ಲಿ ಒಂದು ಸಾಲು ಬರೆದೆ: 'ಇನ್‌ಸ್ಟಾಲ್ ಮಾಡುವುದೇನೂ ಇಲ್ಲ. ಇನ್‌ಕ್ಲೂಡ್ ಮಾಡಿಕೊಳ್ಳಿ, ಸಾಕು.'

ಈ ಮಾತನ್ನು ಎಲ್ಲೋ ಕೇಳಿದ್ದೇನೆ ಅನ್ನಿಸುತ್ತಿತ್ತು. ಆಮೇಲೆ ನೆನಪಾಯಿತು. ಊರಿನಿಂದ ಬರುವ ನೆಂಟರು ಚಪ್ಪಲಿ ಬಿಡುತ್ತಲೇ ಆಡುವ ಮಾತು: 'ನನಗೇನೂ ಮಾಡಬೇಡಿ, ಒಂದು ಲೋಟ ನೀರು ಸಾಕು.' ಆ ನೀರು ಬಿಸಿಯಾಗಿರಬೇಕು, ಅದಕ್ಕೆ ಜೀರಿಗೆ ಬೀಳಬೇಕು, ರಾತ್ರಿ ಸಾರಿಗೆ ಬೆಳ್ಳುಳ್ಳಿ ಬೀಳಬಾರದು ಅನ್ನುವುದೆಲ್ಲ ಒಂದೊಂದೇ ತಿಳಿಯುವ ಹೊತ್ತಿಗೆ ಮನೆಯೇ ಅವರ ವೇಳಾಪಟ್ಟಿಗೆ ತಿರುಗಿರುತ್ತದೆ. ಅವರು ಸುಳ್ಳು ಹೇಳಿರುವುದಿಲ್ಲ. ಅವರಿಗೆ ನಿಜವಾಗಿಯೂ ಏನೂ ತೊಂದರೆಯಾಗಿಲ್ಲ. ನಾನೂ ಸುಳ್ಳು ಬರೆಯಲಿಲ್ಲ.

ನಿನ್ನ ಮೊದಲ ಪರೀಕ್ಷೆ ನನ್ನದೇ ಲ್ಯಾಪ್‌ಟಾಪಿನಲ್ಲಿ ಆಯಿತು. ಒಂದು ಫೈಲಿನಲ್ಲಿ ಇನ್‌ಕ್ಲೂಡ್ ಮಾಡಿದೆ, ಪಾಸು. ಎರಡನೆಯ ಫೈಲಿನಲ್ಲೂ ಮಾಡಿದೆ; ಲಿಂಕರ್ ಬಂದು ನಿಂತಿತು. ಲಿಂಕರ್ ಅಂದರೆ ಆಹಾರ ಇಲಾಖೆಯ ಇನ್ಸ್‌ಪೆಕ್ಟರ್ ಇದ್ದಂತೆ. ಒಂದೇ ಹೆಸರಿನ ಎರಡು ರೇಷನ್ ಕಾರ್ಡ್ ಕಂಡರೆ ಎರಡು ಮನೆಗೂ ಅಕ್ಕಿ ಬಂದ್. ಫಂಕ್ಷನ್ನಿನ ಹಿಂದೆ 'ಇನ್‌ಲೈನ್' ಎಂಬ ಪದವಿದ್ದರೆ, ಇವರಿಬ್ಬರೂ ಒಬ್ಬರೇ ಸ್ವಾಮಿ ಎಂದು ಬರೆದುಕೊಟ್ಟಂತೆ, ಬಿಟ್ಟುಬಿಡುತ್ತದೆ. ಒಂದು ಪದ ಮರೆತದ್ದಕ್ಕೆ ದಿಣ್ಣೂರು ಮುಖ್ಯರಸ್ತೆಯಲ್ಲಿ ಮೂರು ಬೈ-ಟೂ ಕಾಫಿ ಖರ್ಚಾಯಿತು. ಆವತ್ತಿನಿಂದ ನಿನ್ನ ಪರೀಕ್ಷೆಗೆ ಎರಡು ಫೈಲು ಕಡ್ಡಾಯ.

ಆಮೇಲೆ ಬಾಡಿಗೆ ಮನೆಯ ಹುಡುಕಾಟ. ಆರ್.ಟಿ. ನಗರದಲ್ಲಿ ಟು-ಲೆಟ್ ಬೋರ್ಡ್ ನೋಡಿ ಬಾಗಿಲು ತಟ್ಟಿದವರಿಗೆ ಗೊತ್ತು, ಬೋರ್ಡಿನಲ್ಲಿ ಬರೆಯದ ಷರತ್ತುಗಳೇ ಹೆಚ್ಚು. ವಿಂಡೋಸ್ ಮನೆಯ ಕಂಪೈಲರಿಗೆ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳದಿದ್ದರೆ, ಗುರುತಿನ ಚೀಟಿಯಿಲ್ಲದ ಸೋರ್ಸ್ ಫೈಲನ್ನು ಅದು ಆ ಯಂತ್ರದ ಸ್ಥಳೀಯ ಕೋಡ್ ಪೇಜಿನಲ್ಲಿ ಓದುತ್ತದೆ. ಮೂರು ಬೈಟಿನ 'ಸ' ಅಲ್ಲಿ ಮೂರು ಯುರೋಪಿನ ಚಿಹ್ನೆಗಳಾಗಿ ಕೂರುತ್ತದೆ. ಅದೇ ಮನೆಯ ಹಳೆಯ ಹೆಡರೊಂದು 'ಮಿನ್', 'ಮ್ಯಾಕ್ಸ್' ಎಂಬ ಹೆಸರುಗಳನ್ನು ಮ್ಯಾಕ್ರೋಗಳಾಗಿ ಬಹಳ ಹಿಂದೆಯೇ ಕಾಯ್ದಿರಿಸಿಕೊಂಡಿದೆ. ಅದು ಮೊದಲೇ ಬಂದು ಕೂತಿದ್ದರೆ ನಿನ್ನೊಳಗಿನ ಮ್ಯಾಕ್ಸ್ ಸೊಂಟ ಮುರಿದುಕೊಳ್ಳುತ್ತಾನೆ. ಅವನಿಗೆ ಆವರಣ ಚಿಹ್ನೆಯ ಹೆಲ್ಮೆಟ್ ತೊಡಿಸಿ ಕಳಿಸಿದ್ದೇನೆ, ಎಲ್ಲೂ ತೆಗೆಯಬೇಡ.

ಲಿನಕ್ಸ್ ಮನೆಯಲ್ಲಿ ಬೇರೆ ಮಡಿ. ಫೈಲಿನ ಹೆಸರು ದೊಡ್ಡ ಎ ಇಂದ ಶುರುವಾಗಿ, ಇನ್‌ಕ್ಲೂಡ್ ಸಾಲಿನಲ್ಲಿ ಚಿಕ್ಕ ಎ ಇದ್ದರೆ ವಿಂಡೋಸ್, ಮ್ಯಾಕ್ ಎರಡೂ ಸಾಮಾನ್ಯವಾಗಿ 'ಅಡ್ಜಸ್ಟ್ ಮಾಡ್ಕೊಳ್ತೀವಿ' ಅನ್ನುತ್ತವೆ. ಲಿನಕ್ಸ್ 'ಅಂಥವರು ಯಾರೂ ಇಲ್ಲಿಲ್ಲ' ಎಂದು ಕದ ಹಾಕುತ್ತದೆ. ದೊಡ್ಡಕ್ಷರ ಚಿಕ್ಕಕ್ಷರದ ಭೇದವೇ ಇಲ್ಲದ ಭಾಷೆಯ ಸೇವೆಗೆ ಹೊರಟವನು ಅದೇ ಭೇದಕ್ಕೆ ಎಡವಿ ಬಿದ್ದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮ್ಯಾಕ್‌ನಲ್ಲಿ ವಿಳಾಸದ್ದೇ ಗೊಂದಲ. ತಂತ್ರಾಂಶ ತಂದಿಳಿಸುವ ಹೋಮ್‌ಬ್ರೂ ಹಳೆಯ ಇಂಟೆಲ್ ಯಂತ್ರದಲ್ಲಿ ಒಂದು ಫೋಲ್ಡರಿನಲ್ಲಿ ಬಿಡಾರ ಹೂಡಿದರೆ, ಆಪಲ್ ಸಿಲಿಕಾನ್‌ನಲ್ಲಿ ಇನ್ನೊಂದರಲ್ಲಿ. ಗಂಗಾನಗರದ ಕಾಗದ ಸುಲ್ತಾನ್‌ಪಾಳ್ಯಕ್ಕೆ ಹೋದ ಹಾಗೆ.

ಎಲ್ಲಕ್ಕಿಂತ ನಗು ಬಂದದ್ದು ಜಾತಕ ಕೇಳಿದಾಗ. ನೀನು ಬರೀ ಪಠ್ಯ. ಮೂಳೆಯಿಲ್ಲ, ಮಾಂಸವಿಲ್ಲ, ಬಿಟ್ಟು ಮೊದಲೇ ಇಲ್ಲ. ಆದರೆ ನಿನ್ನ ಜೊತೆ ಹೋಗುವ ಬಿಲ್ಡ್ ಸಾಧನ ಸಿಮೇಕ್‌ನ ವರ್ಷನ್ ಫೈಲು, ಸುಮ್ಮನಿದ್ದರೆ, 'ಇವನು 64 ಬಿಟ್‌ನವನು' ಎಂದು ತಾನೇ ಬರೆದುಕೊಳ್ಳುತ್ತದೆ. 32 ಬಿಟ್‌ನವರು ಬಂದು ಕೇಳಿದರೆ ಸಂಬಂಧ ಕೂಡುವುದಿಲ್ಲ ಅನ್ನುತ್ತದೆ. ಈ ಹುಡುಗನಿಗೆ ಆ ಭೇದವಿಲ್ಲ ಎಂದು ಬರೆಯುವ ಒಂದು ಪದ ಸಿಮೇಕ್ 3.14ರಲ್ಲಿ ಬಂತು. ಸೇರಿಸಿದೆ. ಹೀಗೆ ಒಂದೊಂದೇ ಸೇರಿಸಿ, ಏನೂ ಬೇಡದ ನಿನ್ನ ಹಿಂದೆ ಈಗ 900 ಸಾಲು ನಡೆಯುತ್ತಿದೆ. ಮದುಮಗ ಒಬ್ಬ, ದಿಬ್ಬಣಕ್ಕೆ ಎರಡು ಬಸ್ಸು.

ನಿನ್ನ ಕುಲ ಹಳೆಯದು ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ. ನಮ್ಮ ಬಡಾವಣೆಯಲ್ಲೇ ತರಳಬಾಳು ಕೇಂದ್ರ ಇದೆಯಲ್ಲ; ಆ ಪೀಠದ ಸಿರಿಗೆರೆಯ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರು ಪಾಣಿನಿಯ ವ್ಯಾಕರಣವನ್ನು 'ಗಣಕಾಷ್ಟಾಧ್ಯಾಯಿ' ಎಂಬ ತಂತ್ರಾಂಶವಾಗಿಸಿದವರು. ಆ ದಾರಿಯಲ್ಲಿ ಹೋಗುವಾಗಲೆಲ್ಲ ಅನ್ನಿಸುತ್ತದೆ, ಅಷ್ಟಾಧ್ಯಾಯಿ ಹೆಡರ್-ಓನ್ಲಿ ಅಲ್ಲದೆ ಇನ್ನೇನು? ಮೊದಲಿಗೆ 14 ಮಾಹೇಶ್ವರ ಸೂತ್ರ. 'ಅಚ್' ಅಂದರೆ ಸ್ವರಗಳೆಲ್ಲ, 'ಹಲ್' ಅಂದರೆ ವ್ಯಂಜನಗಳೆಲ್ಲ, ಶುದ್ಧ ಮ್ಯಾಕ್ರೋ. ಆಮೇಲೆ ಸುಮಾರು 4000 ಸೂತ್ರ, ಬಾಯಲ್ಲಿ ಹೊತ್ತೊಯ್ಯುವಷ್ಟು ಹಗುರ. ಆದರೆ ಒಬ್ಬ ಶಿಷ್ಯ ಕಲಿತದ್ದು ಪಕ್ಕದವನ ತಲೆಗೆ ಹೋಗುವುದಿಲ್ಲ. ಪ್ರತಿಯೊಬ್ಬನೂ ಮೊದಲಿನಿಂದ, ತನ್ನ ತಲೆಯಲ್ಲೇ, ಕಂಪೈಲ್ ಮಾಡಿಕೊಳ್ಳಬೇಕು. ಸೂತ್ರಕಾರನ ಕೆಲಸ ಮುಗಿದಿರುತ್ತದೆ.

ನಿನ್ನದೂ ಅದೇ ಧರ್ಮ. 40 ಫೈಲುಗಳಲ್ಲಿ ನಿನ್ನನ್ನು ಕರೆದರೆ 40 ಸಲ ನಿನ್ನನ್ನು ಓದಿ ಮುಗಿಸಬೇಕು. ಮೇಖ್ರಿ ಸರ್ಕಲ್‌ನಲ್ಲಿ ಸಂಜೆ ಆರಕ್ಕೆ ಸಿಕ್ಕಿಕೊಂಡವರ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ನಿನ್ನನ್ನು ಪರೀಕ್ಷಿಸುವ ಕ್ಯಾಚ್2 ಕೂಡ ಒಂದು ಕಾಲದಲ್ಲಿ ಒಂದೇ ಹೆಡರಿನ ಫಕೀರನಾಗಿತ್ತು. 2022ರ ಮೂರನೆಯ ಆವೃತ್ತಿಯಲ್ಲಿ ಕಂಪೈಲ್ ಆಗುವ ಮಾಮೂಲಿ ಲೈಬ್ರರಿಯಾಗಿ ಸಂಸಾರಕ್ಕೆ ಮರಳಿತು. ಕಾಯುವವರ ಸಮಯ ಉಳಿಯಿತು. ನಾನು ಮಾತ್ರ ನಿನ್ನ ಸನ್ಯಾಸಕ್ಕೆ ಅಂಟಿಕೊಂಡಿದ್ದೇನೆ, ಅದರ ಉಪವಾಸ ಮಾಡುವವರು ಬೇರೆಯವರಾದ್ದರಿಂದ.

ಪರೀಕ್ಷೆಯ ಪಟ್ಟಿ ಜೊತೆಗಿಟ್ಟಿದ್ದೇನೆ: 'ಸ್ತ್ರೀ' ಒಂದು, 'ಸೂರ್ಯ' ಎರಡು. 'ರ‍್ಯಾಂಕ್' ಬಂದಾಗ ಹುಷಾರು. ರಕಾರದ ಮಗ್ಗುಲಲ್ಲಿ ಕಣ್ಣಿಗೆ ಕಾಣದ ಜಾಯಿನರ್ ಒಂದು ಮೂರು ಬೈಟಿನ ಜಾಗ ಹಿಡಿದು ಕೂತಿರುತ್ತದೆ. ಅದನ್ನು ಅಕ್ಷರವೆಂದು ಎಣಿಸಬೇಡ, ಇಲ್ಲವೆಂದು ಎಸೆಯಲೂಬೇಡ. ಕೊನೆಯದು 'ಆರ್.ಟಿ. ನಗರ'. ಹುಟ್ಟಿದ ಊರಿನ ಹೆಸರಲ್ಲೇ ಫೇಲಾದರೆ ಮನೆಗೆ ಬರಬೇಡ.

ಹೋದಲ್ಲೆಲ್ಲ ಒಳ್ಳೆಯ ಹೆಸರು ತೆಗೆದುಕೋ. ಇನ್ನೂ ಮುಖ್ಯವಾಗಿ, ಬೇರೆಯವರ ಹೆಸರು ತೆಗೆದುಕೊಳ್ಳಬೇಡ. ನಿನ್ನ ನೇಮ್‌ಸ್ಪೇಸ್‌ನಲ್ಲೇ ಇರು.

ಇಂತಿ ಆಶೀರ್ವಾದಗಳು,
ನಿನ್ನ ತಂದೆ

ತಾ.ಕ.: ಕಾಗದ ಮಡಚುವ ಹೊತ್ತಿಗೆ ನೀನು ಬಾಗಿಲಿಗೆ ವಾಪಸು ಬಂದಿದ್ದೀಯ. ನಿನ್ನ ಜಾತಕದಲ್ಲಿ ಸಿಮೇಕ್ 3.1 ಸಾಕು ಅಂತ ಬರೆದಿದ್ದೆನಂತೆ. 2025ರ ಸಿಮೇಕ್ 4.0, 3.5ಕ್ಕಿಂತ ಹಳೆಯ ಜಾತಕ ಮುಟ್ಟುವುದಿಲ್ಲ. ತಪ್ಪು ನನ್ನದೇ, 3.14ರ ಪದ ಬಳಸಿಕೊಂಡು 3.1 ಅಂತ ಬರೆಯುವುದು ಮದುವೆಗೆ ವಯಸ್ಸು ಕಮ್ಮಿ ಹೇಳಿದ ಹಾಗೆ. ನಿನ್ನೊಳಗೆ ಒಂದಕ್ಷರವೂ ಬದಲಾಗಿಲ್ಲ. ಬಾ, ಕೂತುಕೋ. ಏನು ಬೇಕು? ಒಂದು ಲೋಟ ನೀರು ಸಾಕು ಅಂತ ಮಾತ್ರ ಹೇಳಬೇಡ.