ಹತ್ತದೇ ಹತ್ತಿದ ಬೆಟ್ಟ

ನಮ್ಮ ಭಾವ ಆಲ್ಪ್ಸ್ ಹತ್ತಿ ಬಂದಿದ್ದಾರೆ. ಇದು ಬಳಗದವರಿಗೆಲ್ಲ ಗೊತ್ತು. ಬಳಗಕ್ಕೆ ಸೇರದವರಿಗೂ ಗೊತ್ತು. ಮೊನ್ನೆ ಗ್ಯಾಸ್ ಸಿಲಿಂಡರ್ ತಂದ ಹುಡುಗನನ್ನೂ ಅವರು ಬಿಡಲಿಲ್ಲ. ಸಿಲಿಂಡರ್ ಹೊತ್ತು ನಾಲ್ಕು ಮಹಡಿ ಹತ್ತಿ ಬಂದಿದ್ದ ಆತ ಏದುಸಿರಿನ ನಡುವೆಯೇ ಮರ್ಯಾದೆಗೆಂದು, ‘ಭಾಳ ಎತ್ತರನಾ ಸಾರ್?’ ಎಂದ. ಸೋಫಾದಲ್ಲಿ ಒರಗಿದ್ದ ಭಾವ ಒರಗಿದ್ದಂತೆಯೇ, ‘2265 ಮೀಟರ್’ ಎಂದರು.

ಲೆಕ್ಕ ಸುಳ್ಳಲ್ಲ. ಸ್ವಿಟ್ಜರ್ಲೆಂಡಿನ ಗ್ರಿಂಡೆಲ್‌ವಾಲ್ಡ್ ಊರಿನ ಮೇಲಿರುವ ಬಾಖಾಲ್ಪ್‌ಜೇ ಎಂಬ ಸರೋವರ ಇರುವುದು ಅಷ್ಟೇ ಎತ್ತರದಲ್ಲಿ. ಆದರೆ ಅದರಲ್ಲಿ ಭಾವನ ಸ್ವಯಾರ್ಜಿತ ಎಷ್ಟು ಎಂದು ಬಿಡಿಸಿ ನೋಡಬೇಕು. ಊರು ಇರುವುದೇ 1034 ಮೀಟರಿನಲ್ಲಿ. ಅದು ಭೂಮಿತಾಯಿ ಕೊಟ್ಟದ್ದು. ಅಲ್ಲಿಂದ 2168 ಮೀಟರಿನವರೆಗೆ ತಂತಿಯ ಮೇಲಿನ ಗೊಂಡೊಲ ಎತ್ತಿಕೊಂಡು ಹೋಗುತ್ತದೆ. ಅದು ಕರೆಂಟು ಕೊಟ್ಟದ್ದು. ನಮ್ಮ ಮುಳ್ಳಯ್ಯನಗಿರಿಯ 1930 ಮೀಟರನ್ನು ಭಾವ ದಾಟಿದ್ದು ಗೊಂಡೊಲದೊಳಗೆ ಚಕ್ಕುಲಿ ಮುರಿಯುತ್ತಾ. ಉಳಿದದ್ದು ನೂರು ಮೀಟರಿಗೂ ಕಡಿಮೆ. ಅದಕ್ಕೂ ಮಗುವಿನ ತಳ್ಳುಗಾಡಿ ಉರುಳುವಷ್ಟು ಅಗಲದ ದಾರಿ ಮಾಡಿಟ್ಟಿದ್ದಾರೆ. ಭಾವನ ಅಮ್ಮ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೆ ಒಂದೊಂದಾಗಿ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಅವರು ಅದನ್ನು ಹೈಕಿಂಗ್ ಎಂದು ಕರೆದದ್ದನ್ನು ಯಾರೂ ಕೇಳಿಲ್ಲ.

ಗೊಂಡೊಲ ನಿಲ್ಲುವ ಜಾಗದ ಹೆಸರು ಫಿರ್ಸ್ಟ್. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಮಾಡಿನ ನೆತ್ತಿ. ಇಂಗ್ಲಿಷಿನವರ ಹಾಗೆ ಓದಿದರೆ ಮಾತ್ರ ‘ಫಸ್ಟ್’. ಆ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ ಭಾವ, ‘ಆಲ್ಪ್ಸ್‌ಗೆ ಬಂದು ಫಸ್ಟ್ ಬಂದೆ’ ಎಂದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಕಳಿಸಿದರು. ಎಸ್ಸೆಸ್ಸೆಲ್ಸಿಯಿಂದ ಬಾಕಿ ಉಳಿದಿದ್ದ ಆಸೆ.

ಅವರ ಸಿದ್ಧತೆಯನ್ನೂ ಹೇಳಬೇಕು. ಕಣಕಾಲು ಮುಚ್ಚುವ ಬೂಟು, ಎರಡು ಕೈಗೆ ಎರಡು ಊರುಗೋಲು, ಹೊಕ್ಕುಳ ಮೇಲೊಂದು ಎದೆಯ ಮೇಲೊಂದು ಬಕಲ್ಲಿನ ಬೆನ್ನುಚೀಲ. ಧರ್ಮರಾಯ ಸ್ವರ್ಗಾರೋಹಣಕ್ಕೆ ಬರಿಗೈಯಲ್ಲಿ ಹೊರಟಿದ್ದ. ಭಾವನ ಬೆನ್ನುಚೀಲ ಹಗುರವಾಗಿತ್ತು ನಿಜ. ಚಪಾತಿ, ಪುಳಿಯೋಗರೆ, ನೀರು ಎಲ್ಲ ಅಕ್ಕನ ಬೆನ್ನ ಮೇಲಿತ್ತು.

ಸ್ವಿಸ್ಸರ ಕಾಲುದಾರಿಗಳು ಅರುವತ್ತೈದು ಸಾವಿರ ಕಿಲೋಮೀಟರಿಗೂ ಹೆಚ್ಚು. ಎಲ್ಲಕ್ಕೂ ಗುರುತಿದೆ. ಬರೀ ಹಳದಿ ಬೋರ್ಡು ಇದ್ದರೆ ಯಾರು ಬೇಕಾದರೂ ನಡೆಯಬಹುದು. ಬಿಳಿ-ಕೆಂಪು-ಬಿಳಿ ಪಟ್ಟಿ ಕಂಡರೆ ಕಾಲು ಗಟ್ಟಿ ಇರಬೇಕು, ತಲೆ ತಿರುಗಬಾರದು. ಬಿಳಿ-ನೀಲಿ-ಬಿಳಿ ಕಂಡರೆ ಹಗ್ಗವೂ ಬೇಕಾದೀತು. ಈ ಬೋರ್ಡುಗಳ ವಿಶೇಷವೆಂದರೆ ಅವು ದೂರ ಹೇಳುವುದಿಲ್ಲ, ಹೊತ್ತು ಹೇಳುತ್ತವೆ. ಆ ಹೊತ್ತಿನಲ್ಲಿ ವಿಶ್ರಾಂತಿ ಸೇರಿಲ್ಲ; ಪುಳಿಯೋಗರೆ, ಸೆಲ್ಫಿ, ಫ್ರಾಂಕನ್ನು ರೂಪಾಯಿಗೆ ತಿರುಗಿಸಿ ಬೆಚ್ಚಿಬೀಳುವ ಸಮಯ ಮೊದಲೇ ಸೇರಿಲ್ಲ. ಒಂದು ಗಂಟೆಯೂ ಬೇಡವೆಂದು ಬೋರ್ಡು ಹೇಳಿದ ದಾರಿಗೆ ಭಾವನಿಗೆ ಎರಡೂಕಾಲು ಗಂಟೆ ಹಿಡಿಯಿತು. ‘ಬೋರ್ಡು ತಪ್ಪು’ ಎಂದು ಅವರು ಈಗಲೂ ವಾದಿಸುತ್ತಾರೆ. ಆ ದಿನ ಒಬ್ಬಳು ಬಿಳಿಗೂದಲಿನ ಅಜ್ಜಿ ನಕ್ಕು ನಮಸ್ಕಾರ ಹೇಳಿ ಅವರನ್ನು ಎರಡು ಸಲ ಹಿಂದೆ ಹಾಕಿದಳಂತೆ. ಮೊದಲನೆಯ ಸಲ ಮೇಲಕ್ಕೆ ಹೋಗುವಾಗ. ಎರಡನೆಯ ಸಲ, 2681 ಮೀಟರಿನ ಫೌಲ್‌ಹಾರ್ನ್ ಶಿಖರ ಮುಟ್ಟಿ ವಾಪಸು ಇಳಿಯುವಾಗ.

ಆದರೆ ಭಾವನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಅವರದು ದೊಡ್ಡ ಪರಂಪರೆ. ಥಾಮಸ್ ಕುಕ್ ಇಂಗ್ಲಿಷರ ಗುಂಪು ಕಟ್ಟಿಕೊಂಡು ಸ್ವಿಟ್ಜರ್ಲೆಂಡಿಗೆ ಬಂದದ್ದು 1863ರಲ್ಲಿ. ಎಂಟೇ ವರ್ಷಕ್ಕೆ, 1871ರಲ್ಲಿ, ರಿಗಿ ಬೆಟ್ಟಕ್ಕೆ ಹಲ್ಲುಹಳಿಯ ರೈಲು ಬಂತು. ಯುರೋಪಿನ ಮೊಟ್ಟಮೊದಲ ಬೆಟ್ಟದ ರೈಲು ಅದು. ಆಮೇಲೆ ಬಂದ ಮಾರ್ಕ್ ಟ್ವೇನ್ ಯುರೋಪನ್ನು ಕಾಲ್ನಡಿಗೆಯಲ್ಲಿ ಸುತ್ತುತ್ತೇನೆಂದು ಘೋಷಿಸಿ, ಸಿಕ್ಕ ವಾಹನವನ್ನೆಲ್ಲ ಏರಿ, 1880ರಲ್ಲಿ ಅದನ್ನೇ ಪುಸ್ತಕ ಮಾಡಿದ. ಸೂರ್ಯೋದಯ ನೋಡಲು ರಿಗಿ ಹತ್ತಿದವನು, ಕೆಲವೇ ಗಂಟೆಯ ದಾರಿಗೆ ದಿನಗಟ್ಟಲೆ ತೆಗೆದುಕೊಂಡು, ಕಂಬಳಿ ಸುತ್ತಿಕೊಂಡು ಓಡಿಬಂದು ನೋಡಿದ್ದು ಸೂರ್ಯಾಸ್ತ. ಅವನಿಗೂ ಭಾವನಿಗೂ ಒಂದೇ ವ್ಯತ್ಯಾಸ: ಅವನು ತನ್ನನ್ನೇ ಗೇಲಿ ಮಾಡಿಕೊಂಡು ಬರೆದ, ಭಾವ ಗಂಭೀರವಾಗಿ ಹೇಳುತ್ತಾರೆ.

1912ರ ಹೊತ್ತಿಗೆ ಐಗರ್ ಬೆಟ್ಟದ ಹೊಟ್ಟೆ ಕೊರೆದು 3454 ಮೀಟರಿನ ಯುಂಗ್‌ಫ್ರೌಯೋಖ್‌ಗೇ ರೈಲು ಮುಟ್ಟಿಸಿದರು. ಈಗ ಅಲ್ಲಿ ಬಾಲಿವುಡ್ ಎಂಬ ಹೆಸರಿನ ಹೋಟೆಲಿದೆ. ಮೋಡದ ಮೇಲೆ ಕೂತು ದಾಲ್ ಸವಿಯಬಹುದು. ಟಿಟ್ಲಿಸ್ ಬೆಟ್ಟದ ಮೇಲೆ ಶಾರುಖ್ ಮತ್ತು ಕಾಜೋಲ್ ಕಟೌಟಾಗಿ ಹಿಮದಲ್ಲಿ ನಿಂತಿದ್ದಾರೆ. ದೂರದ ಬೆಟ್ಟ ನುಣ್ಣಗೆ ಎಂದ ನಮ್ಮ ಹಿರಿಯರು ಹತ್ತಿರದ ಬೆಟ್ಟವನ್ನೂ ಹೀಗೆ ನುಣ್ಣಗೆ ಮಾಡಬಹುದೆಂದು ಊಹಿಸಿರಲಿಲ್ಲ. ಬೆಟ್ಟವೂ ನುಣ್ಣಗೆ, ಜೇಬೂ ನುಣ್ಣಗೆ.

ಹೀಗೆ ಕರೆಕರೆದು ಮೇಲೆ ಹತ್ತಿಸಿದವರಿಗೆ ಈಗ ಹತ್ತಿದವರು ಜಾಸ್ತಿಯಾದರು ಅನ್ನಿಸಿದೆ. 2025ರ ಬೇಸಿಗೆಯಲ್ಲಿ ಇಟಲಿಯ ಡೋಲೊಮೈಟ್ ಬೆಟ್ಟಗಳ ಸೆಚೆಡಾದಲ್ಲಿ ಜಮೀನಿನ ಯಜಮಾನರು ಹುಲ್ಲುಗಾವಲಿನ ದಾರಿಗೆ ತಿರುಗುವ ಗೇಟು ಹಾಕಿ ಐದು ಯೂರೋ ಕೇಳಿದರು. ಸ್ವಿಟ್ಜರ್ಲೆಂಡಿನ ಇಸೆಲ್ಟ್‌ವಾಲ್ಡ್ ಎಂಬ ಹಳ್ಳಿ, ಕೊರಿಯಾದ ಧಾರಾವಾಹಿಯೊಂದರಲ್ಲಿ ಕಾಣಿಸಿದ ತಪ್ಪಿಗೆ ಮುತ್ತಿದ ಜನರನ್ನು ತಾಳಲಾರದೆ, ಕೆರೆಯಂಚಿನ ಕಟ್ಟೆಗೆ ಹೋಗಲು ಐದು ಫ್ರಾಂಕ್ ಇಟ್ಟಿತು. ಬರ್ಗ್ಯೂನ್ ಎಂಬ ಊರಂತೂ 2017ರಲ್ಲೇ ತನ್ನ ಫೋಟೋ ತೆಗೆಯಕೂಡದೆಂದು ನಿಯಮ ಮಾಡಿ ಐದು ಫ್ರಾಂಕ್ ದಂಡ ಸಾರಿತು. ಕಾರಣ? ಊರಿನ ಚೆಲುವು ನೋಡಿ, ಅಲ್ಲಿಗೆ ಬರಲಾಗದವರು ಸಂಕಟಪಡುತ್ತಾರಂತೆ. ಅದು ಪ್ರಚಾರದ ತಮಾಷೆ ಎಂದು ಜಗತ್ತು ನಕ್ಕಿತು. ಭಾವ ಗುಂಪಿಗೆ ಒಂದೇ ರಾತ್ರಿ ಇನ್ನೂರ ಹದಿನಾಲ್ಕು ಫೋಟೋ ಸುರಿದ ಮೇಲೆ ನನಗೆ ಅದು ತಮಾಷೆ ಅನ್ನಿಸುತ್ತಿಲ್ಲ.

ಭಾವ ಆಲ್ಪ್ಸ್‌ನಲ್ಲಿ ಬೆವರಿದ್ದೇ ಇಲ್ಲ ಎಂದರೆ ಪಾಪ ಬಂದೀತು. ಮಧ್ಯಾಹ್ನ ಮೋಡ ಕಟ್ಟಿ ಗುಡುಗಿದಾಗ, ಕೊನೆಯ ಗೊಂಡೊಲದ ಹೊತ್ತು ನೆನಪಾಗಿ ಅವರು ಓಡಿದರಂತೆ. ಬೋರ್ಡು ಹೇಳಿದ್ದಕ್ಕಿಂತ ಬೇಗ ತಲುಪಿದ್ದು ಆಗ ಮಾತ್ರ. ಆದರೆ ಅದರ ಫೋಟೋ ಇಲ್ಲ.

ಮನುಷ್ಯರು ಹೀಗೆ ಹತ್ತದೇ ಹತ್ತುತ್ತಿರುವಾಗ ಸದ್ದಿಲ್ಲದೆ ನಡೆಯುತ್ತಿರುವುದು ಅಲ್ಲಿನ ಹಿಮ. ಆಲೆಚ್ ಹಿಮನದಿ ಬೆಳೆದು ಬೆಳೆದು ತಮ್ಮನ್ನು ನುಂಗೀತೆಂದು ಹೆದರಿ ಫೀಶ್ ಕಣಿವೆಯ ಜನ 1678ರಲ್ಲಿ ಹರಕೆ ಹೊತ್ತಿದ್ದರು: ದೇವರೇ, ಇದು ಮುಂದೆ ಬಾರದಿರಲಿ. ದೇವರು ನಿಧಾನಕ್ಕೆ ಕೇಳಿಸಿಕೊಂಡ. ಕೇಳಿಸಿಕೊಂಡ ಮೇಲೆ ನಿಲ್ಲಿಸಲೇ ಇಲ್ಲ. ಕೊನೆಗೆ 2009ರಲ್ಲಿ ಅದೇ ಜನ ಹರಕೆಗೆ ತಿದ್ದುಪಡಿ ಕೋರಿ ಪೋಪ್‌ಗೆ ಅರ್ಜಿ ಹಾಕಿದರು: ಹಿಮ ಕರಗದಿರಲಿ ಎಂದು ಬೇಡಿಕೊಳ್ಳಲು ಅಪ್ಪಣೆಯಾಗಬೇಕು. ಮರುವರ್ಷ ಅಪ್ಪಣೆ ಸಿಕ್ಕಿತು. ಅರ್ಜಿ ಈಗ ಮೇಲಿನ ಕಚೇರಿಯಲ್ಲಿದೆ. ಅತ್ತ ರೋನ್ ಹಿಮನದಿಯ ಒಂದು ಭಾಗಕ್ಕೆ ಬೇಸಿಗೆಯಲ್ಲಿ ಬಿಳಿ ಹೊದಿಕೆ ಹೊದಿಸಿ ಬಿಸಿಲಿನಿಂದ ಕಾಯುತ್ತಾರೆ. ಪ್ರವಾಸಿಗೂ ಕಂಬಳಿ, ಹಿಮಕ್ಕೂ ಕಂಬಳಿ.

ಭಾವ ಪ್ರವಾಸದ ಕೊನೆಗೆ ಮೊರ್ಟೆರಾಚ್‌ಗೆ ಹೋಗಿದ್ದರು. ಶತಮಾನದ ಹಿಂದೆ ಅಲ್ಲಿಗೆ ರೈಲು ಬಂದ ಕಾಲದಲ್ಲಿ ನಿಲ್ದಾಣದಿಂದ ತುಸು ನಡೆದರೆ ಹಿಮನದಿಯ ಮೂತಿ ಸಿಗುತ್ತಿತ್ತು. ಈಗ ಅದು ಸುಮಾರು ಮೂರು ಕಿಲೋಮೀಟರ್ ಹಿಂದಕ್ಕೆ ಸರಿದಿದೆ. ದಾರಿಯುದ್ದಕ್ಕೂ, ಯಾವ ವರ್ಷ ಹಿಮದ ಅಂಚು ಎಲ್ಲಿತ್ತೆಂದು ಇಸವಿ ಬರೆದ ಬೋರ್ಡುಗಳಿವೆ. ಎಲ್ಲವನ್ನೂ ಕಾಲಬುಡಕ್ಕೆ ತಂದುಕೊಡುವ ಆಲ್ಪ್ಸ್‌ನಲ್ಲಿ, ವರ್ಷ ವರ್ಷವೂ ಇನ್ನಷ್ಟು ನಡೆದೇ ತಲುಪಬೇಕಾದ ಜಾಗ ಅದೊಂದು. ‘ಭಾವ, ಎಲ್ಲಿಯವರೆಗೆ ಹೋದಿರಿ?’ ಎಂದು ಕೇಳಿದೆ. ತಾವು ಹುಟ್ಟಿದ ಇಸವಿಯ ಆಸುಪಾಸಿನ ಬೋರ್ಡಿನವರೆಗೆ ಹೋಗಿ, ಮೊಣಕಾಲು ಹಿಡಿದು, ವಾಪಸು ಬಂದರಂತೆ. ಅವರ ಇಡೀ ಆಯುಸ್ಸಿನಲ್ಲಿ ಕರಗಿದ ದಾರಿ ಹಾಗೇ ಮುಂದೆ ಬಿದ್ದಿತ್ತು. ಅಲ್ಲಿಗೆ ಗೊಂಡೊಲ ಇರಲಿಲ್ಲ.

ಇದನ್ನೆಲ್ಲ ಕೇಳುತ್ತಾ ನಿಂತಿದ್ದ ಹುಡುಗ ಖಾಲಿ ಸಿಲಿಂಡರ್ ಹೆಗಲಿಗೇರಿಸಿಕೊಂಡು, ‘ಸಾರ್, ನಿಮ್ಮ ಲಿಫ್ಟು ಯಾವಾಗ ರಿಪೇರಿ ಆಗತ್ತೆ?’ ಎಂದ.

‘ಮೆಟ್ಟಿಲು ಹತ್ತೋದು ಒಳ್ಳೇದು ಕಣಪ್ಪಾ’ ಎಂದರು ಭಾವ. ‘ನಾನು ಆಲ್ಪ್ಸ್‌ನಲ್ಲಿ...’

ಹುಡುಗ ಆಗಲೇ ಮೂರನೇ ಮಹಡಿಗೆ ಇಳಿದಿದ್ದ.